ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ: ಗೇಟಿನ ಹೊರಗೆ ನಿಲ್ಲುವ ಮುಂಚೆ ಮಾತಾಡಲು ಜಾಗ ಕೊಡಿ

ಮಾನ್ಯ ಕಾರ್ಮಿಕ ಸಚಿವರಿಗೆ,

ನಮಸ್ಕಾರ.

ನಾನು ಪೀಣ್ಯದ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ 17 ವರ್ಷ ಕೆಲಸ ಮಾಡಿದವನು. ಹಾಜರಿ, ಓಟಿ, ರಜೆ, ಪಿಎಫ್, ಇಎಸ್‌ಐ, ಸಂಬಳದ ಚೀಟಿ ಎಲ್ಲವೂ ನನ್ನ ಕಿಟಕಿಯಿಂದಲೇ ಹೋಗುತ್ತಿತ್ತು. ಈಗ ಆ ಕೆಲಸ ಬಿಟ್ಟಿದ್ದೇನೆ. ನಾಲ್ಕೈದು ಸಣ್ಣ ಕಾರ್ಖಾನೆಗಳ ಲೆಕ್ಕಪತ್ರ ನೋಡಿಕೊಂಡು ಜೀವನ ಸಾಗಿಸುತ್ತಿದ್ದೇನೆ. ಹಾಗಾಗಿ ಕೆಲಸಗಾರರ ಕಷ್ಟವೂ ಗೊತ್ತು, ಮಾಲೀಕರ ತಲೆನೋವೂ ಗೊತ್ತು. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ ಅಂತ ಕೇಂದ್ರ ಸರ್ಕಾರ ಹೇಳಿದ ದಿನದಿಂದ ಎರಡೂ ಕಡೆಯವರು ನನ್ನನ್ನು ಕೇಳುತ್ತಿರುವುದು ಒಂದೇ ಪ್ರಶ್ನೆ: ಇದರಿಂದ ನಮಗೇನಾಗುತ್ತದೆ? ನಾನು ಕೊಟ್ಟ ಉತ್ತರದಿಂದ ನನಗೇ ಸಮಾಧಾನ ಆಗಲಿಲ್ಲ. ಅದಕ್ಕೇ ಈ ಪತ್ರ.

ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಹಳೆಯ ಕಾನೂನುಗಳು ಚೆನ್ನಾಗಿದ್ದವು, ಹಾಗೇ ಬಿಡಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಒಬ್ಬನೇ ಮನುಷ್ಯನ ಹೆಸರನ್ನು ನಾನು ಐದಾರು ರಿಜಿಸ್ಟರ್‌ಗಳಲ್ಲಿ ಬರೆಯುತ್ತಿದ್ದೆ. ಪಿಎಫ್‌ಗೆ ಸಂಬಳ ಅಂದರೆ ಒಂದು ಲೆಕ್ಕ, ಇಎಸ್‌ಐಗೆ ಇನ್ನೊಂದು, ಬೋನಸ್‌ಗೆ ಮತ್ತೊಂದು. ಅರುವತ್ತು ಜನ ಇಟ್ಟುಕೊಂಡು ಬಿಡಿಭಾಗ ಮಾಡುವ ಸಣ್ಣ ಮಾಲೀಕರು ಪ್ರತಿ ತಿಂಗಳೂ ಯಾವ ಫಾರಂ ಬಿಟ್ಟುಹೋಯಿತೋ ಅಂತ ಹೆದರಿಕೊಂಡೇ ಇರುತ್ತಿದ್ದರು. ಕಾನೂನುಗಳನ್ನು ಒಟ್ಟುಗೂಡಿಸಿ ಅಂತ ರವೀಂದ್ರ ವರ್ಮಾ ಅಧ್ಯಕ್ಷತೆಯ ಎರಡನೇ ರಾಷ್ಟ್ರೀಯ ಕಾರ್ಮಿಕ ಆಯೋಗ 2002ರಲ್ಲೇ ಹೇಳಿತ್ತು. ಈಗ 29 ಕಾನೂನುಗಳು ಸೇರಿ 4 ಸಂಹಿತೆಗಳಾಗಿವೆ: ವೇತನ, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಕೆಲಸದ ಜಾಗದ ಸುರಕ್ಷತೆ. ಒಟ್ಟುಗೂಡಿಸಿದ್ದು ತಪ್ಪಲ್ಲ. ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು ಅನ್ನುವುದು ದೊಡ್ಡ ವಿಷಯ. ಕೆಲಸ ಬಿಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಅನ್ನುವುದೂ ಹಾಗೇ. ಫುಲ್ ಅಂಡ್ ಫೈನಲ್ ಹಣಕ್ಕಾಗಿ ಮೂರು ಮೂರು ತಿಂಗಳು ಗೇಟಿಗೆ ಅಲೆದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಜಗಳ ಲೇಬರ್ ಆಫೀಸಿನಲ್ಲಿ ಬಗೆಹರಿಯದಿದ್ದರೆ ಸರ್ಕಾರ ಕಳಿಸಿಕೊಡಲಿ ಅಂತ ಕಾದು ಕೂರದೆ ನೇರವಾಗಿ ಕಾರ್ಮಿಕ ವಿವಾದ ತೀರ್ಮಾನಿಸುವ ಟ್ರಿಬ್ಯೂನಲ್‌ಗೆ ಹೋಗಬಹುದು. ಇದೂ ಒಳ್ಳೆಯದೇ.

ಆದರೆ ನಾನು ಕೇಳಬೇಕಾಗಿರುವುದು ಬೇರೆ ಇದೆ. ಅದನ್ನು ಹೇಳಲು ನನ್ನ ಕಿಟಕಿಗೇ ವಾಪಸ್ ಹೋಗಬೇಕು.

ನಮ್ಮ ಪ್ಯಾಕಿಂಗ್ ವಿಭಾಗದಲ್ಲಿ ಒಬ್ಬ ಹೆಣ್ಣುಮಗಳಿದ್ದರು. ನನಗಿಂತ ಎರಡು ಮೂರು ವರ್ಷ ದೊಡ್ಡವರು, ಅಕ್ಕ ಅಂತ ಕರೆಯುತ್ತಿದ್ದೆ. ಏಳು ತಿಂಗಳು ಮುಗಿಯುವ ಹೊತ್ತಿಗೆ ಮೇಲಿನಿಂದ ನನಗೊಂದು ಪಟ್ಟಿ ಬರುತ್ತಿತ್ತು. ಅದರಲ್ಲಿ ಹೆಸರಿದ್ದವರು ಸಂಜೆ ಶಿಫ್ಟ್ ಬಿಡುವಾಗ ಕಿಟಕಿಯ ಹತ್ತಿರ ಬಂದು ಕಾರ್ಡು ಇಡಬೇಕು. ನಾನು ಅದನ್ನು ಕತ್ತರಿಯಿಂದ ಎರಡು ತುಂಡು ಮಾಡಬೇಕು. ಅವರು ಹತ್ತು ದಿನ ಮನೆಯಲ್ಲಿರುತ್ತಾರೆ. ಆಮೇಲೆ ಬರುತ್ತಾರೆ, ಹೊಸ ಅರ್ಜಿ, ಹೊಸ ಫೋಟೋ, ಹೊಸ ನಂಬರ್. ಅದೇ ಮೇಜು, ಅದೇ ಸ್ಟೂಲು, ಅದೇ ಕೆಲಸ. ನಮ್ಮಲ್ಲಿ ಇದಕ್ಕೆ ‘ಬ್ರೇಕ್ ಕೊಡೋದು’ ಅಂತಿದ್ದರು. ಯಾಕೆ ಅಂತ ನಿಮಗೆ ಗೊತ್ತೇ ಇದೆ. 240 ದಿನ ತುಂಬಿದರೆ ಕಾನೂನಿನ ಲೆಕ್ಕದಲ್ಲಿ ಒಂದು ವರ್ಷದ ಸೇವೆ. ಅಷ್ಟಾದಮೇಲೆ ಸುಮ್ನೆ ತೆಗೆಯುವ ಹಾಗಿಲ್ಲ, ಒಂದು ತಿಂಗಳ ನೋಟಿಸ್ ಕೊಡಬೇಕು, ಪರಿಹಾರ ಕೊಡಬೇಕು. ಆ ಅಕ್ಕನ ಫೋಟೋ ನನ್ನ ರಿಜಿಸ್ಟರ್‌ನಲ್ಲಿ ಆರು ಕಡೆ ಇತ್ತು, ಆರು ನಂಬರ್. ಮೊದಲನೆಯದರಲ್ಲಿ ಕೂದಲು ಕಪ್ಪಿತ್ತು. ಆರನೆಯದು ಅಂಟಿಸುವಾಗ ಅವರು ಕೇಳಿದರು, “ಅಣ್ಣಾ, ಈ ಸಲ ಹಳೇ ನಂಬರೇ ಕೊಡೋಕಾಗಲ್ವಾ? ನಂಬರ್ ಕೇಳಿದಾಗೆಲ್ಲ ತಪ್ಪು ಹೇಳ್ತೀನಿ.” ನಾನು ಏನೂ ಹೇಳಲಿಲ್ಲ. ಕತ್ತರಿ ನನ್ನ ಕೈಯಲ್ಲಿತ್ತು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ‘ನಿಗದಿತ ಅವಧಿಯ ಉದ್ಯೋಗ’ ಅಂತ ಬಂದಿದೆ. ಅವಧಿಗೆ ಅಂತ ತೆಗೆದುಕೊಂಡವರಿಗೂ ಕಾಯಂ ಕೆಲಸಗಾರರಷ್ಟೇ ಸಂಬಳ, ಸೌಲಭ್ಯ ಕೊಡಬೇಕು, ಒಂದು ವರ್ಷ ಮಾಡಿದರೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ಲೆಕ್ಕದಲ್ಲಿ ಕೊಡುವ ಇಡುಗಂಟು) ಕೊಡಬೇಕು ಅಂತ ಅದು ಹೇಳುತ್ತದೆ. ಕೇಳಲು ಚೆನ್ನಾಗಿದೆ. ಮೊದಲು ಗ್ರಾಚ್ಯುಟಿಗೆ ಐದು ವರ್ಷ ಕಾಯಬೇಕಿತ್ತು ಅನ್ನುವುದನ್ನು ನೆನೆದರೆ ಇದು ಮುಂದಿನ ಹೆಜ್ಜೆಯೇ. ಆದರೆ ಒಬ್ಬರನ್ನೇ ಎಷ್ಟು ಸಲ ಹೀಗೆ ಅವಧಿಗೆ ತೆಗೆದುಕೊಳ್ಳಬಹುದು ಅನ್ನುವುದಕ್ಕೆ ಮಿತಿಯೇ ಇಲ್ಲ. ಅವಧಿ ಮುಗಿದು ಕೆಲಸ ಹೋದರೆ ಅದನ್ನು ‘ಕೆಲಸದಿಂದ ತೆಗೆದರು’ ಅಂತ ಕಾನೂನು ಎಣಿಸುವುದೂ ಇಲ್ಲ. ಹಾಗಾದರೆ ಪರಿಹಾರದ ಮಾತೇ ಬರುವುದಿಲ್ಲ ಅಲ್ವಾ? ಕಳೆದ ಕೆಲವು ತಿಂಗಳಲ್ಲಿ ನನ್ನ ಮೇಜಿಗೆ ಬಂದ ಎರಡು ಕರಡು ನೇಮಕಾತಿ ಪತ್ರಗಳಲ್ಲಿ ಅವಧಿ 11 ತಿಂಗಳು ಅಂತ ಬರೆದಿತ್ತು. ಯಾಕೆ ಹನ್ನೊಂದು ಅಂತ ಕೇಳಿದೆ. ಗ್ರಾಚ್ಯುಟಿ ಬೀಳಬಾರದಲ್ಲ ಅಂದರು. ಅಂದರೆ ಇನ್ನು ಟೈಮ್ ಆಫೀಸಿನವನಿಗೆ ಕತ್ತರಿಯೂ ಬೇಕಾಗಿಲ್ಲ. ಮುದ್ರಿಸಿದ ಪತ್ರವೇ ಆ ಕೆಲಸ ಮಾಡುತ್ತದೆ.

ಈ ಒಂದು ತೂತನ್ನು ಮುಚ್ಚುವುದು ಕಷ್ಟವಲ್ಲ. ಒಂದೇ ಕೆಲಸಕ್ಕೆ ಒಬ್ಬರನ್ನೇ ಎರಡು ಸಲಕ್ಕಿಂತ ಜಾಸ್ತಿ ಅವಧಿಗೆ ತೆಗೆದುಕೊಂಡರೆ ಅವರು ಕಾಯಂ ಅಂತ ಬರೆಯಿರಿ. ಮಧ್ಯೆ ಹತ್ತು ದಿನ, ಹದಿನೈದು ದಿನ ಮನೆಯಲ್ಲಿ ಕೂರಿಸಿದ್ದನ್ನು ಸೇವೆಯ ಲೆಕ್ಕದಲ್ಲಿ ಸೇರಿಸಬೇಕು ಅಂತ ಬರೆಯಿರಿ. ಸಂಹಿತೆ ತಿದ್ದುವುದು ಸಂಸತ್ತಿನ ಕೆಲಸ ಅಂತ ನನಗೂ ಗೊತ್ತು. ಆದರೆ ಕಾರ್ಮಿಕ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ರಾಜ್ಯ ಬಾಯಿ ಬಿಟ್ಟು ಕೇಳಬಹುದು. ಕೇಳಬೇಕು.

ಇನ್ನು ಆ 300ರ ವಿಷಯ. ಜನರನ್ನು ಲೇ ಆಫ್ ಮಾಡಲು (ಅಂದರೆ ಕೆಲಸವಿಲ್ಲ ಅಂತ ತಾತ್ಕಾಲಿಕವಾಗಿ ಮನೆಗೆ ಕಳಿಸಲು), ಕೆಲಸದಿಂದ ತೆಗೆಯಲು, ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕು ಅನ್ನುವ ನಿಯಮ ಮೊದಲು 100 ಜನ ಇದ್ದ ಕಾರ್ಖಾನೆಗೇ ಅನ್ವಯಿಸುತ್ತಿತ್ತು, ಈಗ 300ಕ್ಕೆ ಏರಿದೆ. ಹಳೆಯ ಕಥೆ ನೋಡಿದರೆ 1976ರಲ್ಲಿ ಈ ನಿಯಮ ಬಂದಾಗಲೂ ಸಂಖ್ಯೆ 300 ಇತ್ತು, ಆಮೇಲೆ 1982ರ ತಿದ್ದುಪಡಿಯಲ್ಲಿ 100 ಆಯಿತು. ಈ ಸಂಖ್ಯೆಯ ಬಗ್ಗೆ ಎರಡೂ ಕಡೆಯವರು ಇಷ್ಟು ವರ್ಷ ಜಗಳವಾಡಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ನಷ್ಟದಲ್ಲಿ ಮುಳುಗಿರುವ ಕಾರ್ಖಾನೆಯನ್ನು ಅನುಮತಿಯ ಹೆಸರಲ್ಲಿ ವರ್ಷಗಟ್ಟಲೆ ಎಳೆದಾಡಿಸುವುದರಿಂದ ಕೆಲಸಗಾರರಿಗೂ ಲಾಭವಿಲ್ಲ. ಮಾಲೀಕ ಬೀಗ ಹಾಕಿ ಹೋಗಿಬಿಡುತ್ತಾನೆ, ಸಂಬಳ ಬಾಕಿ, ಪಿಎಫ್ ಬಾಕಿ, ಯಾರನ್ನು ಹಿಡಿಯುವುದು? ಆದರೆ ಮುಚ್ಚುವುದನ್ನು ಸುಲಭ ಮಾಡಿದ ಮೇಲೆ, ಮುಚ್ಚಿದಾಗ ಬೀದಿಗೆ ಬೀಳುವವರಿಗೆ ಕೊಡುವುದನ್ನು ಜಾಸ್ತಿ ಮಾಡಬೇಕಲ್ಲವೇ? ಅದು ಆಗಲಿಲ್ಲ. ಒಂದು ವರ್ಷದ ಸೇವೆಗೆ 15 ದಿನದ ಸಂಬಳ ಅನ್ನುವ ಪರಿಹಾರ 1953ರಲ್ಲಿ ಬಂದದ್ದು. ಇವತ್ತೂ ಅದೇ 15 ದಿನ. ಹೊಸದಾಗಿ ಮರುತರಬೇತಿ ನಿಧಿ ಅಂತ ಇನ್ನೊಂದು 15 ದಿನದ ಸಂಬಳ ಸೇರಿಸಿದ್ದಾರೆ, ಅದು ವರ್ಷಕ್ಕಲ್ಲ, ಒಟ್ಟಿಗೆ ಒಂದೇ ಸಲ. ಹತ್ತು ವರ್ಷ ದುಡಿದವರಿಗೆ ಐದು ತಿಂಗಳ ಸಂಬಳ, ಮೇಲೆ ಅರ್ಧ ತಿಂಗಳು. ನಲವತ್ತೈದು ದಾಟಿದವರಿಗೆ ಇನ್ನೊಂದು ಕಾರ್ಖಾನೆ ಬಾಗಿಲು ತೆರೆಯುವುದು ಎಷ್ಟು ಕಷ್ಟ ಅಂತ ಗೇಟಿನ ಹತ್ತಿರ ನಿಂತವರಿಗೆ ಗೊತ್ತು. 300 ಅಥವಾ ಅದಕ್ಕಿಂತ ಹೆಚ್ಚಿನ ಸಂಖ್ಯೆಯನ್ನು ಸರ್ಕಾರವೇ ಅಧಿಸೂಚನೆ ಹೊರಡಿಸಿ ನಿಗದಿ ಮಾಡಬಹುದು ಅಂತ ಸಂಹಿತೆಯಲ್ಲಿದೆ. ದಯವಿಟ್ಟು ಅದನ್ನು ಇನ್ನೂ ಮೇಲಕ್ಕೆ ಏರಿಸುವ ಕೆಲಸಕ್ಕೆ ಕೈ ಹಾಕಬೇಡಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಕೆಲಸ ಕೊಡುವುದು, ತೆಗೆಯುವುದು ಸಡಿಲವಾಯಿತು. ಮುಷ್ಕರ ಬಿಗಿಯಾಯಿತು. ಇವೆರಡರ ಮಧ್ಯೆ ಇರಬೇಕಾದದ್ದು, ಅಂದರೆ ಕೂತು ಮಾತಾಡುವ ಜಾಗ, ಅದನ್ನು ಯಾರೂ ಕಟ್ಟಲಿಲ್ಲ.

ಮುಷ್ಕರದ ನಿಯಮವನ್ನೇ ನೋಡಿ. ಮೊದಲು ನೀರು, ವಿದ್ಯುತ್, ಸಾರಿಗೆಯಂಥ ಸಾರ್ವಜನಿಕ ಸೇವೆಗಳಿಗೆ ಮಾತ್ರ ಮುಂಚಿತ ನೋಟಿಸ್ ಬೇಕಿತ್ತು. ಈಗ ಎಲ್ಲ ಕಾರ್ಖಾನೆಗೂ 14 ದಿನದ ನೋಟಿಸ್. ಅದರಲ್ಲಿ ತಪ್ಪಿಲ್ಲ, ಮಾತುಕತೆಗೆ ಸಮಯ ಬೇಕು ಅಂತ ವಾದಿಸಬಹುದು. ಆದರೆ ಮುಂದೆ ಓದಿ. ನೋಟಿಸ್ ಕೊಟ್ಟ ಮೇಲೆ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ಲೇಬರ್ ಆಫೀಸಿನ ಸಂಧಾನಾಧಿಕಾರಿ ಮೊದಲ ಸಭೆ ನಡೆಸಿದರೆ ಸಂಧಾನ ಶುರುವಾದಂತೆ. ಸಂಧಾನ ನಡೆಯುವಾಗ ಮುಷ್ಕರ ಮಾಡುವಂತಿಲ್ಲ, ಮುಗಿದು 7 ದಿನದವರೆಗೂ ಇಲ್ಲ. ಅಷ್ಟರಲ್ಲಿ ಯಾರಾದರೂ ಟ್ರಿಬ್ಯೂನಲ್‌ಗೆ ಹೋದರೆ ಅಲ್ಲಿ ಮುಗಿಯುವವರೆಗೂ ಇಲ್ಲ, ಮುಗಿದು 60 ದಿನದವರೆಗೂ ಇಲ್ಲ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಾಗಿ ಒಂದೇ ದಿನ ಸಿಎಲ್ (ಸಾಂದರ್ಭಿಕ ರಜೆ) ಹಾಕಿದರೆ ಅದೂ ಮುಷ್ಕರವೇ. ಹಾಗಾದರೆ ಕಾನೂನು ಪ್ರಕಾರ ಮುಷ್ಕರ ಮಾಡುವ ದಿನ ಯಾವುದು? ನಾನು ಕ್ಯಾಲೆಂಡರ್ ಇಟ್ಟುಕೊಂಡು ಲೆಕ್ಕ ಹಾಕಿದೆ, ಮಾಲೀಕರು ಬುದ್ಧಿವಂತರಾಗಿದ್ದರೆ ಅಂಥ ದಿನ ಸಿಗುವುದು ಬಹಳ ಕಷ್ಟ. ಕಾನೂನುಬಾಹಿರ ಮುಷ್ಕರಕ್ಕೆ ಕೆಲಸಗಾರನಿಗೆ 1,000ದಿಂದ 10,000 ರೂಪಾಯಿ ದಂಡ, ಇಲ್ಲವೇ ಒಂದು ತಿಂಗಳವರೆಗೆ ಜೈಲು. ಕಾನೂನುಬಾಹಿರವಾಗಿ ಬೀಗ ಹಾಕಿದ ಮಾಲೀಕರಿಗೆ 50,000ದಿಂದ 1 ಲಕ್ಷ, ಇಲ್ಲವೇ ಅದೇ ಒಂದು ತಿಂಗಳು. ಒಬ್ಬರಿಗೆ ಮನೆ ಬಾಡಿಗೆ, ಮಕ್ಕಳ ಫೀಸು ಹೋಗುತ್ತದೆ. ಇನ್ನೊಬ್ಬರಿಗೆ ಅದು ಲೆಕ್ಕಪುಸ್ತಕದ ಒಂದು ಸಾಲು.

ಮುಷ್ಕರ ಆಗಲಿ ಅಂತ ನಾನು ಬಯಸುವವನಲ್ಲ. ಮುಷ್ಕರದ ದಿನಗಳ ಸಂಬಳ ಕತ್ತರಿಸಿ ಲೆಕ್ಕ ಮಾಡಿದವನು ನಾನು, ಆ ಚೀಟಿ ತೆಗೆದುಕೊಳ್ಳುವಾಗ ಜನರ ಮುಖ ಹೇಗಿರುತ್ತದೆ ಅಂತ ಗೊತ್ತು. ಆದರೆ ಮುಷ್ಕರ ಮಾಡಬಹುದು ಅನ್ನುವ ಒಂದು ಸಾಧ್ಯತೆ ಇದ್ದರೆ ಮಾತ್ರ ಎದುರಿನವರು ಮಾತಿಗೆ ಕೂರುತ್ತಾರೆ. ಅದನ್ನು ತೆಗೆದ ಮೇಲೆ ಮಾತುಕತೆಗೆ ಬೇರೆ ಬಲ ಕೊಡಬೇಕಿತ್ತು.

ಆ ಬಲ ಇವತ್ತು ಹೇಗಿದೆ ಅಂತ ಹೇಳುತ್ತೇನೆ, ಕೇಳಿ. ನಮ್ಮಲ್ಲಿ ಒಮ್ಮೆ 14 ಜನ ಹಂಗಾಮಿಗಳು ಸಂಬಳದ ಚೀಟಿ ಕೊಡಿ ಅಂತ ಕೇಳಿದರು. ಮಾರನೇ ವಾರ ಅವರನ್ನು ಗೇಟಿನಲ್ಲೇ ತಡೆದರು. ಅವರು ಲೇಬರ್ ಆಫೀಸಿಗೆ ದೂರು ಕೊಟ್ಟರು. ಸಂಧಾನಕ್ಕೆ ದಿನಾಂಕ ಬಂತು. ಕಂಪನಿ ಕಡೆಯಿಂದ ಹೋದವನು ನಾನೇ. ನನ್ನ ಕೈಯಲ್ಲಿದ್ದದ್ದು ಒಂದೇ ಹಾಳೆ: ನಮ್ಮ ಅಧಿಕಾರಿಗಳು ಊರಿನಲ್ಲಿಲ್ಲ, ಬೇರೆ ದಿನಾಂಕ ಕೊಡಿ. ಕೊಟ್ಟರು. ಎರಡನೇ ಸಲವೂ ಅದೇ ಹಾಳೆ. ಮೂರನೇ ಸಲವೂ ಅದೇ, ದಿನಾಂಕ ಮಾತ್ರ ಬೇರೆ. ಸಂಧಾನಾಧಿಕಾರಿ ಕೆಟ್ಟವರಲ್ಲ. ಅವರ ಮೇಜಿನ ಮೇಲೆ ಮುಖ ಕಾಣದಷ್ಟು ಫೈಲುಗಳಿದ್ದವು, ಟೈಪ್ ಮಾಡಲು ಒಬ್ಬರೇ ಗುಮಾಸ್ತರು, ಅವರೂ ಬೇರೆ ಎರಡು ಕಚೇರಿಗೆ ಹೋಗಬೇಕಿತ್ತು. ನಾಲ್ಕನೇ ದಿನಾಂಕಕ್ಕೆ 14 ಜನರಲ್ಲಿ ಐವರು ಬಂದಿದ್ದರು. ಉಳಿದವರು ಬೇರೆ ಕಡೆ ದಿನಗೂಲಿಗೆ ಸೇರಿದ್ದರು, ಒಂದು ದಿನ ಬಿಟ್ಟು ಬಂದರೆ ಅವತ್ತಿನ ಊಟಕ್ಕೆ ಕತ್ತರಿ. ಎಂಟನೇ ದಿನಾಂಕಕ್ಕೆ ಒಬ್ಬನೇ ಬಂದ. ಚಿಕ್ಕ ಹುಡುಗ, ಪ್ರತಿ ಸಲವೂ ಇಸ್ತ್ರಿ ಮಾಡಿದ ಅದೇ ಅಂಗಿ ಹಾಕಿಕೊಂಡು ಬರುತ್ತಿದ್ದ. ಅವತ್ತು ‘ಸಂಧಾನ ವಿಫಲ’ ಅಂತ ಬರೆದು ಫೈಲ್ ಮುಚ್ಚಿದರು. ಹೊರಗೆ ಬಂದಾಗ ಅವನು ನನ್ನನ್ನು ಕೇಳಿದ, “ಸರ್, ಒಂದು ಸಲವಾದರೂ ನಿಮ್ಮ ಸಾಹೇಬ್ರು ಬಂದಿದ್ರೆ ಏನಾಗ್ತಿತ್ತು?”

ಈಗಿನ ಸಂಹಿತೆ ಹೇಳುತ್ತದೆ, ಸಂಧಾನ 45 ದಿನದಲ್ಲಿ ಮುಗಿಯಬೇಕು, ಮುಷ್ಕರದ ನೋಟಿಸ್ ಇದ್ದರೆ 14 ದಿನದಲ್ಲಿ. ಸರಿ, ಆದರೆ ಯಾರು ಮುಗಿಸುತ್ತಾರೆ? ಎಷ್ಟು ಜನ ಅಧಿಕಾರಿಗಳಿದ್ದಾರೆ, ಎಷ್ಟು ಹುದ್ದೆ ಖಾಲಿ ಇವೆ, ಒಬ್ಬೊಬ್ಬರ ಮುಂದೆ ಎಷ್ಟು ಫೈಲುಗಳಿವೆ ಅನ್ನುವುದನ್ನು ಜಿಲ್ಲಾವಾರು ಪ್ರತಿ ತಿಂಗಳು ನಿಮ್ಮ ಇಲಾಖೆ ಪ್ರಕಟಿಸಲಿ. ಸಂಧಾನಕ್ಕೆ ಬರುವ ಕಂಪನಿ ಪ್ರತಿನಿಧಿಗೆ ‘ಹೌದು’ ಅನ್ನುವ ಅಧಿಕಾರ ಇರಬೇಕು. ನನ್ನಂಥ ಗುಮಾಸ್ತನ ಕೈಯಲ್ಲಿ ಹಾಳೆ ಕೊಟ್ಟು ಕಳಿಸಿದರೆ ಅದನ್ನು ಗೈರುಹಾಜರಿ ಅಂತಲೇ ಬರೆಯಬೇಕು. ಎರಡು ಸಲ ಗೈರಾದರೆ ಕೆಲಸಗಾರರು ಹೇಳಿದ್ದನ್ನೇ ಒಪ್ಪಿಕೊಂಡು ಆದೇಶ ಆಗಬೇಕು. ದೂರು ಕೊಟ್ಟವರಿಗೆ ಸಭೆಗೆ ಬಂದ ದಿನದ ಸಂಬಳ ಸಿಗಬೇಕು. ಇದರಲ್ಲಿ ಕೆಲವನ್ನು ರಾಜ್ಯದ ನಿಯಮಗಳಲ್ಲೇ ತರಬಹುದು, ಉಳಿದದ್ದಕ್ಕೆ ದಿಲ್ಲಿಗೆ ಬರೆಯಿರಿ.

ಇನ್ನು ಯಾರ ಜತೆ ಮಾತಾಡಬೇಕು ಅನ್ನುವ ಪ್ರಶ್ನೆ. ಇದು ಬಹಳ ಹಳೆಯದು. ಯೂನಿಯನ್‌ಗೆ ಮಾಲೀಕರು ಮಾನ್ಯತೆ ಕೊಡಲೇಬೇಕು ಅಂತ 1947ರಲ್ಲೇ ಒಂದು ತಿದ್ದುಪಡಿ ಪಾಸಾಗಿತ್ತು, ಅದು ಜಾರಿಗೇ ಬರಲಿಲ್ಲ. ಅಷ್ಟು ವರ್ಷಗಳ ಮೇಲೆ ಈಗ ಸಂಹಿತೆಯಲ್ಲಿ ಅದು ಬಂದಿದೆ. ಹಾಜರಿ ಪಟ್ಟಿಯಲ್ಲಿರುವವರಲ್ಲಿ ನೂರಕ್ಕೆ 51 ಜನರ ಬೆಂಬಲ ಇರುವ ಯೂನಿಯನ್‌ಗೆ ಮಾತುಕತೆಯ ಹಕ್ಕು. ಯಾರಿಗೂ ಅಷ್ಟಿಲ್ಲದಿದ್ದರೆ ನೂರಕ್ಕೆ 20 ಜನರ ಬೆಂಬಲ ಇರುವವರೆಲ್ಲ ಸೇರಿ ಒಂದು ಮಂಡಳಿ. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಯಾಕಂದರೆ ಯೂನಿಯನ್‌ಗಳು ತಮ್ಮತಮ್ಮಲ್ಲೇ ಕಚ್ಚಾಡಿ ಕೆಲಸಗಾರರಿಗೆ ಏನೂ ಸಿಗದಂತೆ ಮಾಡಿದ್ದನ್ನೂ ನೋಡಿದ್ದೇನೆ, ಅದನ್ನು ಮುಚ್ಚಿಡುವುದು ಸರಿಯಲ್ಲ.

ಆದರೆ ‘ಆ ಕಾರ್ಖಾನೆಯ ಹಾಜರಿ ಪಟ್ಟಿ’ ಅನ್ನುವ ಮಾತಿನಲ್ಲೇ ತೊಡಕು ಇದೆ. ಗುತ್ತಿಗೆ ಕೆಲಸಗಾರರ ಹೆಸರು ಕಂಪನಿಯ ಪಟ್ಟಿಯಲ್ಲಿ ಇರುವುದೇ ಇಲ್ಲ, ಅದು ಕಂಟ್ರಾಕ್ಟರ್ ಪಟ್ಟಿಯಲ್ಲಿರುತ್ತದೆ. ನಾನು ಇಡುತ್ತಿದ್ದ ರಿಜಿಸ್ಟರ್‌ಗಳು ಬೇರೆ ಬೇರೆ, ಬಣ್ಣ ಕೂಡ ಬೇರೆ. ಸರ್ಕಾರದ್ದೇ ವಾರ್ಷಿಕ ಕೈಗಾರಿಕಾ ಸಮೀಕ್ಷೆ ನೋಡಿದರೆ, ದೇಶದ ಸಂಘಟಿತ ಕಾರ್ಖಾನೆಗಳ ಕೆಲಸಗಾರರಲ್ಲಿ ನೂರಕ್ಕೆ ಸುಮಾರು 40 ಜನ ಗುತ್ತಿಗೆಯವರು. ಒಂದೇ ಯಂತ್ರದ ಆಚೆ ಈಚೆ ನಿಂತವರಲ್ಲಿ ಒಬ್ಬರಿಗೆ ಮಾತುಕತೆಯಲ್ಲಿ ದನಿ ಇದೆ, ಇನ್ನೊಬ್ಬರಿಗೆ ಇಲ್ಲ. ಹೋಗಲಿ ಕಂಟ್ರಾಕ್ಟರ್ ಹತ್ತಿರವಾದರೂ ಮಾತಾಡಬಹುದೇ? ನಮ್ಮ ಶೆಡ್ಡಿನಲ್ಲಿ ಮೂವರು ಕಂಟ್ರಾಕ್ಟರ್‌ಗಳಿದ್ದರು, ಒಬ್ಬೊಬ್ಬರ ಹತ್ತಿರ 19 ಜನ. 20 ಆದರೆ ಕಂಟ್ರಾಕ್ಟರ್ ಲೈಸೆನ್ಸ್ ಮಾಡಿಸಬೇಕಿತ್ತು, ಅದಕ್ಕೆ. ಈಗ ಆ ಮಿತಿಯನ್ನು 50 ಮಾಡಿದ್ದಾರೆ. ಇನ್ನು ತಲಾ 49 ಅಂತ ಬರೆಯುತ್ತಾರೆ, ನನಗೆ ಸಂಶಯವೇ ಇಲ್ಲ. ಸಚಿವರೇ, ಮಾತುಕತೆಯ ಯೂನಿಯನ್ ಯಾವುದು ಅಂತ ತೀರ್ಮಾನಿಸುವಾಗ ಗೇಟಿನೊಳಗೆ ದುಡಿಯುವ ಎಲ್ಲರಿಗೂ ಮತ ಇರಲಿ, ಅವರ ಕಾರ್ಡಿನ ಬಣ್ಣ ಯಾವುದೇ ಇರಲಿ. ಆ ಮತ ಗುಪ್ತವಾಗಿರಲಿ. ಸದಸ್ಯತ್ವದ ಚೀಟಿ ಎಣಿಸಿದರೆ ಯಾರು ಯಾವ ಕಡೆ ಅಂತ ಸಂಜೆಯೊಳಗೆ ಮೇಲಿನವರಿಗೆ ಗೊತ್ತಾಗುತ್ತದೆ. ಮಾರನೇ ದಿನ ಪಟ್ಟಿ ಬರುತ್ತದೆ.

ಮಾತಾಡಲು ಜಾಗ ಇಲ್ಲದಿದ್ದರೆ ಏನಾಗುತ್ತದೆ ಅಂತ ನಮ್ಮ ರಾಜ್ಯಕ್ಕೆ ಬೇರೆಯವರು ಹೇಳಬೇಕಾಗಿಲ್ಲ. 2016ರ ಏಪ್ರಿಲ್ 18, 19 ನೆನಪಿದೆಯಾ? ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಒಂದು ನಿಯಮ ತಂದಿತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು. ಯಾವ ದೊಡ್ಡ ನಾಯಕರೂ ಕರೆದಿರಲಿಲ್ಲ. ಅವರಿಗೆ ಪಿಎಫ್ ಅಂದರೆ ಮಗಳ ಮದುವೆ, ಗಂಡನ ಆಪರೇಷನ್, ಊರಿನ ಮನೆಯ ಸೋರುವ ಹೆಂಚು. ನಲವತ್ತು ದಾಟಿದ ಮೇಲೆ ಹೊಲಿಗೆ ಯಂತ್ರದ ಮುಂದೆ ಕಣ್ಣು ನಿಲ್ಲುವುದಿಲ್ಲ, 58ರವರೆಗೆ ಆ ಲೈನಿನಲ್ಲಿ ಯಾರೂ ಕೂರುವುದಿಲ್ಲ. ಇದನ್ನು ದಿಲ್ಲಿಯಲ್ಲಿ ನಿಯಮ ಬರೆದವರಿಗೆ ಯಾರಾದರೂ ಮೊದಲೇ ಹೇಳಿದ್ದರೆ ಸಾಕಿತ್ತು. ಹೇಳುವ ದಾರಿ ಇರಲಿಲ್ಲ. ಎರಡನೇ ದಿನ ಕೇಂದ್ರ ಆ ನಿಯಮವನ್ನು ವಾಪಸ್ ತೆಗೆದುಕೊಂಡಿತು. ಅಷ್ಟರಲ್ಲಿ ಲಾಠಿ, ಕಲ್ಲು, ಬೆಂಕಿ ಎಲ್ಲ ಆಗಿಹೋಗಿತ್ತು.

2020ರ ಡಿಸೆಂಬರ್‌ನಲ್ಲಿ ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆಯಲ್ಲಿ ನಡೆದದ್ದನ್ನೂ ನೋಡಿದ್ದೇವೆ. ಗಾಜು ಒಡೆದದ್ದನ್ನು, ವಾಹನ ಉರುಳಿಸಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅದರ ಹಿಂದೆ ಇದ್ದದ್ದು ಸಂಬಳ ಸರಿಯಾಗಿ ಬರಲಿಲ್ಲ, ಹಾಜರಿ ಸರಿಯಾಗಿ ಹತ್ತಲಿಲ್ಲ ಅನ್ನುವ ದೂರು. ಟೈಮ್ ಆಫೀಸಿನವನಾಗಿ ಹೇಳುತ್ತೇನೆ, ಹಾಜರಿಯ ತಪ್ಪು ಅಂದರೆ ಒಬ್ಬ ಮನುಷ್ಯ ಕೂತು ಅರ್ಧ ದಿನದಲ್ಲಿ ಸರಿಮಾಡುವ ಕೆಲಸ. ಕಿಟಕಿಯ ಆಚೆ ನಿಂತವರ ಮಾತನ್ನು ಕೇಳಬೇಕು, ಅಷ್ಟೇ.

20 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಕುಂದುಕೊರತೆ ಸಮಿತಿ ಇರಬೇಕು ಅಂತ ಸಂಹಿತೆಯಲ್ಲಿದೆ, ಕೆಲಸಗಾರರೂ ಮಾಲೀಕರೂ ಸಮಸಮ. ನಿಜವಾಗಿ ನಡೆದರೆ ಇದೊಂದೇ ಎಷ್ಟೋ ಬೆಂಕಿ ಆರಿಸುತ್ತದೆ. ಆದರೆ ನಾನು ಕಂಡ ಸಮಿತಿಗಳ ಸಭೆಗಳು ಕಾಗದದಲ್ಲಿ ನಡೆದವು. ನಡಾವಳಿಯನ್ನು ನಾನೇ ಟೈಪ್ ಮಾಡಿ ಸಹಿ ಹಾಕಿಸಿಕೊಂಡು ಬಂದಿದ್ದೇನೆ. ಅದನ್ನು ಇವತ್ತು ಒಪ್ಪಿಕೊಳ್ಳುತ್ತೇನೆ. ಸಮಿತಿಗೆ ಕೆಲಸಗಾರರೇ ತಮ್ಮವರನ್ನು ಆರಿಸಲಿ, ನಡಾವಳಿಯ ಒಂದು ಪ್ರತಿ ಕನ್ನಡದಲ್ಲಿ ಕ್ಯಾಂಟೀನ್ ಗೋಡೆಗೆ ಹಚ್ಚಲಿ. ಇದಕ್ಕೆ ಏನೂ ಖರ್ಚಿಲ್ಲ.

ಒಪ್ಪಿಗೆ ಅನ್ನುವ ಪದದ ಬಗ್ಗೆಯೂ ಎರಡು ಮಾತು. ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯವರೆಗೆ ಕೆಲಸ ಮಾಡಿಸಲು ದಾರಿ ಮಾಡಿತು, ವಾರಕ್ಕೆ 48 ಗಂಟೆ ಮೀರಬಾರದು, ಕೆಲಸಗಾರರ ಲಿಖಿತ ಒಪ್ಪಿಗೆ ಬೇಕು. ಆ 48 ಗಂಟೆಯ ಮಿತಿ ಸುಲಭವಾಗಿ ಬಂದದ್ದಲ್ಲ, ಅಂಬೇಡ್ಕರ್ ಅವರು ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ಮಂಡಿಸಿ 1946ರಲ್ಲಿ ಕಾನೂನಾದದ್ದು. ಹೆಣ್ಣುಮಕ್ಕಳ ರಾತ್ರಿ ಪಾಳಿಗೂ ಒಪ್ಪಿಗೆ ಬೇಕು ಅಂತ ಹೊಸ ಸಂಹಿತೆ ಹೇಳುತ್ತದೆ. ಈ ಒಪ್ಪಿಗೆಯನ್ನು ಯಾವಾಗ ತೆಗೆದುಕೊಳ್ಳುತ್ತಾರೆ ಗೊತ್ತಾ? ಸೇರುವ ದಿನವೇ. ಒಂಬತ್ತು ಹತ್ತು ಹಾಳೆಯ ಒಂದು ಕಟ್ಟು, ಎಲ್ಲ ಇಂಗ್ಲಿಷ್‌ನಲ್ಲಿ, ಪೆನ್ಸಿಲ್‌ನಿಂದ ಗುರುತು ಹಾಕಿದ ಕಡೆ ಸಹಿ. ನಾನೇ ಗುರುತು ಹಾಕುತ್ತಿದ್ದೆ. ಓದಿ ನೋಡ್ತೀನಿ ಅಂದವರಿಗೆ ಹಿಂದೆ ಸಾಲು ಇದೆ, ಬೇಗ ಹಾಕಿ ಅನ್ನುತ್ತಿದ್ದೆ. ಅದು ಒಪ್ಪಿಗೆ ಹೇಗಾಗುತ್ತದೆ? ಒಪ್ಪಿಗೆ ಪತ್ರ ಕೆಲಸಗಾರರಿಗೆ ಗೊತ್ತಿರುವ ಭಾಷೆಯಲ್ಲಿ, ಪ್ರತ್ಯೇಕವಾಗಿ, ಸೇರಿ ತಿಂಗಳಾದ ಮೇಲೆ ತೆಗೆದುಕೊಳ್ಳಲಿ. ವಾಪಸ್ ಪಡೆಯುವ ಹಕ್ಕೂ ಇರಲಿ. ಹಾಗೆ ವಾಪಸ್ ಪಡೆದವರ ಮೇಲೆ ಕ್ರಮ ಕೈಗೊಂಡರೆ ದಂಡ ಇರಲಿ.

ತಪಾಸಣೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇನ್‌ಸ್ಪೆಕ್ಟರ್ ಈಗ ‘ಇನ್‌ಸ್ಪೆಕ್ಟರ್ ಮತ್ತು ಫೆಸಿಲಿಟೇಟರ್’ ಆಗಿದ್ದಾರೆ, ಅಂದರೆ ತಿಳಿಹೇಳುವುದೂ ಅವರ ಕೆಲಸ. ಲಂಚದ ಹಳೆಯ ಕಾಟ ಕಡಿಮೆಯಾದರೆ ಸಣ್ಣ ಮಾಲೀಕರಿಗೆ ನೆಮ್ಮದಿ, ನಿಜ. ಆದರೆ ಎಲ್ಲಿ ತಪಾಸಣೆ ಅಂತ ಕಂಪ್ಯೂಟರ್ ಆರಿಸುವುದಾದರೆ, ಕೆಲಸಗಾರರ ದೂರು ಬಂದ ಕಾರ್ಖಾನೆಗೆ ಕಂಪ್ಯೂಟರ್ ಹೇಳದಿದ್ದರೂ ಹೋಗಲೇಬೇಕು ಅನ್ನುವ ನಿಯಮ ಇರಲಿ. ತಪಾಸಣೆಯ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ (ಐಎಲ್‌ಒ) 81ನೇ ಒಪ್ಪಂದಕ್ಕೆ ಭಾರತ 1949ರಲ್ಲೇ ಒಪ್ಪಿ ಸಹಿ ಹಾಕಿದೆ. ಸಂಘಟನೆ ಮತ್ತು ಸಾಮೂಹಿಕ ಚೌಕಾಶಿಯ ಹಕ್ಕಿನ 87, 98ನೇ ಒಪ್ಪಂದಗಳನ್ನು ಇನ್ನೂ ಒಪ್ಪಿಲ್ಲ. ಅದು ನನಗೆ ಬೇಸರದ ವಿಷಯ.

ಈ ಕಾನೂನುಗಳೇ ಹೇಗೆ ಬಂದವು ಅನ್ನುವುದೂ ಇದೇ ಮಾತಿನ ಮುಂದುವರಿಕೆ. ಸರ್ಕಾರ, ಮಾಲೀಕರು, ಕೆಲಸಗಾರರು ಮೂವರೂ ಒಂದೇ ಮೇಜಿಗೆ ಕೂರುವ ಭಾರತೀಯ ಕಾರ್ಮಿಕ ಸಮ್ಮೇಳನ ಅಂತ ಒಂದು ಇದೆ. ಕನಿಷ್ಠ ವೇತನವನ್ನು ಹೇಗೆ ಲೆಕ್ಕ ಹಾಕಬೇಕು, ಒಬ್ಬರಿಗೆ ಎಷ್ಟು ಆಹಾರ, ಒಂದು ಮನೆಗೆ ವರ್ಷಕ್ಕೆ 72 ಗಜ ಬಟ್ಟೆ ಅಂತ 1957ರಲ್ಲಿ ಹೇಳಿದ್ದು ಅದರ 15ನೇ ಅಧಿವೇಶನ. ಇವತ್ತಿಗೂ ಆ ಲೆಕ್ಕವೇ ಆಧಾರ. 46ನೇ ಅಧಿವೇಶನ 2015ರ ಜುಲೈನಲ್ಲಿ ನಡೆಯಿತು. ಸಂಹಿತೆಗಳು ಸಂಸತ್ತಿಗೆ ಬರುವ ಮುಂಚೆ ಆ ಮೇಜಿಗೆ ಮತ್ತೆ ಯಾರನ್ನೂ ಕರೆಯಲಿಲ್ಲ. ವೇತನ ಸಂಹಿತೆ 2019ರಲ್ಲಿ ಪಾಸಾಯಿತು. ಉಳಿದ ಮೂರನ್ನು 2020ರ ಸೆಪ್ಟೆಂಬರ್‌ನಲ್ಲಿ, ಕೊರೊನಾ ಕಾಲದಲ್ಲಿ, ಎರಡು ದಿನದಲ್ಲಿ ಎರಡೂ ಸದನಗಳು ಪಾಸು ಮಾಡಿದವು. ರಾಜ್ಯಸಭೆಯಲ್ಲಿ ವಿರೋಧ ಪಕ್ಷಗಳ ಬಹುತೇಕ ಕುರ್ಚಿಗಳು ಅವತ್ತು ಖಾಲಿ ಇದ್ದವು. ಕೋಟ್ಯಂತರ ಜನರ ದುಡಿಮೆಯ ನಿಯಮ ಹೀಗೆ ಬರಬಾರದಿತ್ತು. ದಿಲ್ಲಿಯವರು ಕರೆಯದಿದ್ದರೆ ನೀವು ಇಲ್ಲಿ ಕರೆಯಿರಿ. ರಾಜ್ಯದ ನಿಯಮಗಳನ್ನು ಅಂತಿಮಗೊಳಿಸುವ ಮುಂಚೆ ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿ, ಮಂಗಳೂರಿನಲ್ಲಿ ಒಂದೊಂದು ಭಾನುವಾರ ಬಹಿರಂಗ ಸಭೆ ಮಾಡಿ. ಭಾನುವಾರವೇ ಯಾಕೆ ಅಂದರೆ, ಬೇರೆ ದಿನ ಇಟ್ಟರೆ ಬರುವವರು ಮಾಲೀಕರು, ವಕೀಲರು, ನಾಯಕರು ಮಾತ್ರ. ಗಿಗ್ ಕೆಲಸಗಾರರಿಗೆ 2025ರಲ್ಲಿ ಪ್ರತ್ಯೇಕ ಕಾನೂನು ಮಾಡಿದ ರಾಜ್ಯ ನಮ್ಮದು. ಮನಸ್ಸು ಮಾಡಿದರೆ ಇದು ನಿಮ್ಮಿಂದ ಆಗುತ್ತದೆ.

ಅದಕ್ಕೂ ಮುಂಚೆ ಒಂದು ಸಣ್ಣ ಕೋರಿಕೆ. ಯಾವುದಾದರೂ ಲೇಬರ್ ಆಫೀಸಿನಲ್ಲಿ, ಮುಂಚೆ ತಿಳಿಸದೆ, ಒಂದು ಬೆಳಿಗ್ಗೆ ಸಂಧಾನದ ಕೊಠಡಿಯ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಹನ್ನೊಂದು ಗಂಟೆಯ ಹೊತ್ತಿಗೆ ಕೈಯಲ್ಲಿ ಒಂದು ಹಾಳೆ ಹಿಡಿದುಕೊಂಡು ನನ್ನಂಥವನೊಬ್ಬ ಬರುತ್ತಾನೆ. ಅವನನ್ನು ಕೇಳಿ, ನಿಮ್ಮ ಸಾಹೇಬರು ಎಲ್ಲಿ ಅಂತ.

ಈ ಪತ್ರಕ್ಕೆ ಉತ್ತರ ಬರೆಯುವುದಾದರೆ ಕನ್ನಡದಲ್ಲೇ ಬರೆಯಿರಿ. ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಓದಿ ಹೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
17 ವರ್ಷ ಟೈಮ್ ಆಫೀಸಿನ ಕಿಟಕಿಯಲ್ಲಿ ಕೂತಿದ್ದವನು
ಪೀಣ್ಯ, ಬೆಂಗಳೂರು